ಕೊನೆಯ ಪ್ರಾರ್ಥನೆಗೆ ಉತ್ತರ ಕೊಡುವವರು

ಸೆಪ್ಟೆಂಬರ್ 2, ಮಂಗಳವಾರ

ಬೀಗದಂಗಡಿಯ ಏಕೈಕ ಯುವರಾಣಿಯೂ, ಡೂಪ್ಲಿಕೇಟ್ ಕೀಲಿಕೈ ಶಾಸ್ತ್ರದಲ್ಲಿ ಪಾರಂಗತಳೂ, ಈ ಬೀದಿಯ ಸಮಸ್ತ ಶಾಂತಿಭಂಗಕ್ಕೆ ಮೂಲಕಾರಣಳೂ ಆದ ನಾನು ಇಂದಿನಿಂದ ದಿನಚರಿ ಬರೆಯಲು ದಯಮಾಡಿ ಒಪ್ಪಿಕೊಂಡಿದ್ದೇನೆ. ಯಾಕೆಂದರೆ ಮನೆಯಲ್ಲಿ ಎಲ್ಲರ ಬಾಯಿಗೂ ಬೀಗ ಬಿದ್ದಿದೆ. ಹಾಕಿದವರು ಅಪ್ಪ. ವೃತ್ತಿಪರರು, ಗಟ್ಟಿಯಾಗಿಯೇ ಹಾಕಿದ್ದಾರೆ.

ಡಾಕ್ಟರು ಅಪ್ಪನನ್ನೂ ನನ್ನನ್ನೂ ಒಳಗೆ ಕರೆದು, ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಹೇಳುವುದನ್ನು ಹೇಳಿದರು. ಪಿತ್ತಕೋಶದಿಂದ ಎಲ್ಲ ಕಡೆ ಹರಡಿದೆಯಂತೆ. ಆಪರೇಷನ್ ಮಾಡಿ ಪ್ರಯೋಜನವಿಲ್ಲವಂತೆ. ನೋವು ಆಗದ ಹಾಗೆ ನೋಡಿಕೊಳ್ಳಬೇಕಂತೆ. ಅಪ್ಪ ತಲೆಯಾಡಿಸುತ್ತ ಕೇಳಿಕೊಂಡು, ಹೊರಗೆ ಬಂದು, "ಹೊಟ್ಟೇಲಿ ಹುಣ್ಣಾಗಿದೆ ಅಕ್ಕ, ಅಷ್ಟೇ. ಖಾರ ಬಿಡಬೇಕಂತೆ" ಅಂದರು.

ಅತ್ತೆ, "ಖಾರ ತಾನೇ? ಬಿಟ್ಟರಾಯ್ತು" ಅಂದಳು.

ಮನೆಗೆ ಬಂದ ಮೇಲೆ ಅಪ್ಪ ನನ್ನನ್ನು ಅಂಗಡಿಯ ಹಿಂದಕ್ಕೆ ಕರೆದು ಆಜ್ಞೆ ಹೊರಡಿಸಿದರು. ಅಕ್ಕನಿಗೆ ಗೊತ್ತಾಗಕೂಡದು. ಅವಳ ಮುಂದೆ ಯಾರೂ ಅಳಕೂಡದು. ಮುಖ್ಯವಾಗಿ, ಚರ್ಚಿನ ಫಾದರ್ ಅಂಗಡಿಯ ಮೇಲಿನ ನಮ್ಮ ಮನೆಯ ಮೆಟ್ಟಿಲು ಹತ್ತಕೂಡದು. "ಫಾದರ್ ಬಂದ್ರೆ ಅವಳಿಗೆ ಗೊತ್ತಾಗಿಬಿಡುತ್ತೆ. ಗೊತ್ತಾದ್ರೆ ಎದೆ ಒಡ್ಕೊಂಡು ಎರಡೇ ದಿನ. ನೀನು ಯಾವಾಗಲೂ ಮಾಡ್ತೀಯಲ್ಲ, ಕೋತಿಚೇಷ್ಟೆ, ಅದನ್ನ ಮಾಡ್ತಾ ಇರು."

ಹೀಗೆ ನಾನು ಈ ಮನೆಯ ಅಧಿಕೃತ ವಿದೂಷಕಿಯಾಗಿ ನೇಮಕಗೊಂಡೆ. ಸಂಬಳ ಇಲ್ಲ.

ಸೆಪ್ಟೆಂಬರ್ 4, ಗುರುವಾರ

ಇದರಲ್ಲಿರುವ ತಮಾಷೆಯನ್ನು ಯಾರಿಗಾದರೂ ಹೇಳದಿದ್ದರೆ ನಾನು ಸಿಡಿದುಹೋಗುತ್ತೇನೆ.

ಅಪ್ಪ ಯಾರಿಂದ ಸಾವನ್ನು ಮುಚ್ಚಿಡಲು ಹೊರಟಿದ್ದಾರೆ? ಅತ್ತೆಯಿಂದ! ನಮ್ಮ ಚರ್ಚಿಗೆ ಸೇರಿದ ಯಾವ ಮನೆಯಲ್ಲಿ ಯಾರಿಗೆ ಉಸಿರು ಏರಿದರೂ ಮೊದಲು ಡಾಕ್ಟರಿಗೆ, ಆಮೇಲೆ ಫಾದರಿಗೆ, ಅದರ ಬೆನ್ನಿಗೇ ಅತ್ತೆಗೆ ಹೇಳಿ ಕಳಿಸುತ್ತಾರೆ. ಫಾದರ್ ಬಂದು ಹಣೆಗೆ, ಅಂಗೈಗೆ ಪವಿತ್ರ ಎಣ್ಣೆ ಹಚ್ಚಿ, ಪ್ರಸಾದ ಕೊಟ್ಟು ಹೋಗುತ್ತಾರೆ. ಅತ್ತೆ ಕೂರುತ್ತಾಳೆ. ಕಿವಿಯ ಹತ್ತಿರ ಬಾಯಿಟ್ಟು ಸಂತರನ್ನು ಒಬ್ಬೊಬ್ಬರನ್ನಾಗಿ ಕರೆಯುತ್ತಾಳೆ. ಸುತ್ತ ನಿಂತವರು "ಇವರಿಗಾಗಿ ಪ್ರಾರ್ಥಿಸಿರಿ" ಎಂದು ಉತ್ತರ ಕೊಡುತ್ತಾರೆ. ಕೊನೆಗೆ, ಹೊರಡುವ ಆತ್ಮಕ್ಕೆ ಹೊರಡು ಎಂದು ಹೇಳುವ ಪ್ರಾರ್ಥನೆ. ಅದಕ್ಕೇ ನಾನು ಅವಳಿಗೆ ಸ್ಟೇಷನ್ ಮಾಸ್ಟರ್ ಎಂದು ಬಿರುದು ಕೊಟ್ಟದ್ದು. ಹಸಿರು ಬಾವುಟ ಅವಳು ಆಡಿಸದೆ ಇಲ್ಲಿಂದ ಒಂದು ಗಾಡಿಯೂ ಬಿಟ್ಟದ್ದಿಲ್ಲ.

ಉಗುರು ನೋಡಿ, ಮೂಗಿನ ತುದಿ ನೋಡಿ "ನಾಳೆ ಬೆಳಗಾಗೋ ಹೊತ್ತಿಗೆ" ಎನ್ನುವ ಹೆಂಗಸಿಗೆ ನಾವು ಖಾರ ಬಿಡು ಎನ್ನುತ್ತಿದ್ದೇವೆ.

ಇವತ್ತು ಗಂಜಿ ಕುಡಿಸಲು ಹೋದೆ. ಅತ್ತೆ ಬಾಗಿಲ ಕಡೆ ನೋಡಿ, "ನಿಮ್ಮಪ್ಪ ಕೆಳಗಿದಾನಾ?" ಅಂದಳು.

"ಇದಾರೆ. ಯಾರದೋ ಬೀರುವಿನ ಬೀಗ ಬಿಚ್ಚಿ ಹರಡಿಕೊಂಡಿದಾರೆ."

"ಹಾಗಾದ್ರೆ ಹೇಳು, ತರಲೆ. ಡಾಕ್ಟರು ಎಷ್ಟು ದಿನ ಅಂದರು?"

ನಾನು ಬಾಯಿ ತುಂಬ ನಗು ತಂದುಕೊಂಡು, "ಹುಣ್ಣು ವಾಸಿಯಾಗೋಕಾ?" ಅಂದೆ.

ಅತ್ತೆ ಗಂಜಿಯ ಚಮಚ ತಾನೇ ತೆಗೆದುಕೊಂಡಳು. "ನಟನೆ ಚೆನ್ನಾಗಿದೆ. ಆದ್ರೆ ಕಣ್ಣಿಗೆ ಹೇಳಿಕೊಟ್ಟಿಲ್ಲ ನೀನು."

ಹೇಳಿಬಿಟ್ಟೆ. ಎಲ್ಲ. ಅವಳು ಗಂಜಿ ಪೂರ್ತಿ ಕುಡಿದಳು. ಕುಡಿದು, "ನಿಮ್ಮಪ್ಪನಿಗೆ ಹೇಳಬೇಡ. ನನಗೆ ಗೊತ್ತಾಯ್ತು ಅಂತ ಗೊತ್ತಾದ್ರೆ ಅವನು ತಡ್ಕೊಳಲ್ಲ" ಅಂದಳು.

ಈಗ ನಾನು ಎರಡೂ ಕಡೆಯ ಗೂಢಚಾರಿಣಿ.

ಸೆಪ್ಟೆಂಬರ್ 7, ಭಾನುವಾರ

ಅತ್ತೆಗೆ ಫಾದರ್ ಬೇಕು. ಮೈಮೇಲೆ ಎಚ್ಚರ ಇರುವಾಗಲೇ ಬೇಕು. "ಊರಿನವರಿಗೆಲ್ಲ ಹೇಳಿ ಹೇಳಿ ಸಾಕಾಯ್ತು, ಬಾಯಿ ಬಿದ್ದ ಮೇಲೆ ಕರೀಬೇಡಿ ಅಂತ. ನಾನೇ ಹಾಗೆ ಹೋದ್ರೆ ಮರ್ಯಾದೆ ಏನು?"

ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿದ ಮೇಲೆ ಚಿಕ್ಕ ಫಾದರನ್ನು ಹಿಡಿದೆ. ಹೋದ ವರ್ಷ ಬಂದವರು, ಕುತ್ತಿಗೆ ಉದ್ದ, ಇನ್ನೂ ಎಲ್ಲರಿಗೂ ಹೆದರುತ್ತಾರೆ. ಅಪ್ಪ ಭಾನುವಾರ ಹಿಂದಿನ ಬೆಂಚಿನಲ್ಲಿ ಕೂತು ಪ್ರವಚನದ ಮೊದಲ ವಾಕ್ಯಕ್ಕೇ ನಿದ್ದೆ ಹೋಗುವುದರಿಂದ ಇವರ ಮುಖವನ್ನು ಸರಿಯಾಗಿ ನೋಡಿಯೇ ಇಲ್ಲ. ನಿದ್ದೆಯಿಂದ ಧರ್ಮಕ್ಕೆ ಆದ ಮೊದಲ ಉಪಕಾರ.

"ಬಿಳಿ ನಿಲುವಂಗಿ ಬೇಡ ಫಾದರ್. ಷರ್ಟು, ಪ್ಯಾಂಟು. ಕೈಯಲ್ಲಿ ಒಂದು ಕೆಟ್ಟ ಬೀಗ."

"ಸುಳ್ಳು ಹೇಳೋಕೆ ನನಗೆ ಬರಲ್ಲಮ್ಮ."

"ನೀವು ಮಾತೇ ಆಡಬೇಡಿ. ಬೀಗ ಮಾತಾಡುತ್ತೆ."

ಸೆಪ್ಟೆಂಬರ್ 9, ಮಂಗಳವಾರ

ಇತಿಹಾಸದಲ್ಲಿ ಸುವರ್ಣಾಕ್ಷರಗಳಲ್ಲಿ ಬರೆಯತಕ್ಕ ದಿನ.

ಚಿಕ್ಕ ಫಾದರ್ ಹೂವಿನ ಚಿತ್ರದ ಷರ್ಟು ಹಾಕಿಕೊಂಡು ಬಂದರು. ಯಾರಿಂದ ಸಾಲ ತಂದರೋ. ಕೈಯಲ್ಲಿ ಚರ್ಚಿನ ಗೋದಾಮಿನ ತುಕ್ಕು ಹಿಡಿದ ಬೀಗ. ಅಪ್ಪ ಅದನ್ನು ತಿರುಗಿಸಿ ನೋಡಿ, "ಎಷ್ಟು ವರ್ಷದಿಂದ ಎಣ್ಣೆ ಹಾಕಿಲ್ಲ ಇದಕ್ಕೆ?" ಅಂದರು.

ಫಾದರ್ ತಮ್ಮ ಜೇಬು ಮುಟ್ಟಿಕೊಂಡು, "ಎಣ್ಣೆ ತಂದಿದೀನಿ" ಅಂದರು.

ನನ್ನ ಜೀವ ಬಾಯಿಗೆ ಬಂತು. ಅಪ್ಪ ನಕ್ಕು, "ನಮ್ಮಲ್ಲೇ ಇದೆ ಬಿಡಿ" ಎಂದು ಬೀಗ ಬಿಚ್ಚಲು ಕೂತರು. "ಇವರಿಗೆ ಮೇಲಿನ ಬಾಗಿಲಿನ ಬೀಗ ತೋರಿಸ್ತೀನಿ, ಅಂಥದ್ದೇ ಬೇಕಂತೆ" ಎಂದು ನಾನು ಅವರನ್ನು ಮೆಟ್ಟಿಲ ಮೇಲಕ್ಕೆ ತಳ್ಳಿದೆ.

ಅತ್ತೆ ತಲೆ ಬಾಚಿಕೊಂಡು, ದಿಂಬಿಗೆ ಒರಗಿ, ಸೀರೆಯ ಸೆರಗು ಹೊದ್ದು ಸಿದ್ಧವಾಗಿದ್ದಳು. ಷರ್ಟು ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದುಕೊಂಡಳು, ನೋವಿಗೋ ನಗುವಿಗೋ. ಪಾಪನಿವೇದನೆಗೆ ನನ್ನನ್ನು ಹೊರಗೆ ಕಳಿಸಿದರು. ಮೆಟ್ಟಿಲ ಮೇಲೆ ಕಾವಲು ಕೂತೆ. ಅತ್ತೆಗೆ ಹೇಳಿಕೊಳ್ಳಲು ಅಂಥ ಪಾಪವೇನಿದೆ ಎಂದು ಯೋಚಿಸಿದೆ. ಒಂದೂ ಹೊಳೆಯಲಿಲ್ಲ. ನನ್ನವು ಹೊಳೆಯತೊಡಗಿದವು, ಅದಕ್ಕೇ ಯೋಚನೆ ನಿಲ್ಲಿಸಿದೆ.

ಆಮೇಲೆ ಒಳಗೆ ಕರೆದರು. ಹಣೆಗೆ ಎಣ್ಣೆ. ಅಂಗೈಗೆ ಎಣ್ಣೆ. ಅಪ್ಪನ ಜೊತೆ ಅಂಗಡಿಯಲ್ಲಿ ಕೂತು ಅರದಲ್ಲಿ ಕೀಲಿ ಉಜ್ಜಿ ಉಜ್ಜಿ ಗಟ್ಟಿಯಾದ ಅಂಗೈ, ಎಣ್ಣೆ ಹೀರಲೇ ಇಲ್ಲ, ಮೇಲೆಯೇ ಹೊಳೆಯುತ್ತ ನಿಂತಿತು. ಕೊನೆಯ ಪ್ರಯಾಣದ ಬುತ್ತಿ ಎಂದು ಪ್ರಸಾದ ಕೊಟ್ಟಾಗ ಅತ್ತೆ "ಆಮೆನ್" ಅಂದದ್ದು ಕೆಳಗಿನ ಅಂಗಡಿಗೂ ಕೇಳಿಸಿರಬೇಕು, ನಾನು ಜೋರಾಗಿ ಕೆಮ್ಮಿದೆ.

ಫಾದರ್ ಹೋಗಿ ಸ್ವಲ್ಪ ಹೊತ್ತಿಗೆ ಅಪ್ಪ ಮೇಲೆ ಬಂದರು. ಅತ್ತೆಯ ಹಣೆ ನೋಡಿದರು. "ಏನದು ಹೊಳೀತಿದೆ?"

"ತಲೆನೋವು ಅಂದೆ, ತರಲೆ ಎಣ್ಣೆ ಹಚ್ಚಿದಳು" ಅಂದಳು ಅತ್ತೆ.

ಪಾಪನಿವೇದನೆಯ ಬಿಸಿ ಇನ್ನೂ ಆರಿರಲಿಲ್ಲ! ಅಪ್ಪ ಇಳಿದುಹೋದ ಮೇಲೆ ಕೇಳಿದೆ. "ಸಣ್ಣದು, ನಡೀತದೆ" ಅಂದಳು.

ಸೆಪ್ಟೆಂಬರ್ 12, ಶುಕ್ರವಾರ

ಅತ್ತೆಗೆ ಇನ್ನೂ ಒಂದು ಆಸೆ ಇದೆ. ಇದು ಫಾದರಿಂದ ಆಗುವುದಲ್ಲ.

"ನನಗೆ ಸಂತರ ಪ್ರಾರ್ಥನೆ ಹೇಳುವಾಗ ನಿಮ್ಮಪ್ಪ ಉತ್ತರ ಕೊಡಬೇಕು" ಅಂದಳು. "ನಿಮ್ಮಮ್ಮ ಹೋಗುವಾಗ ನೀನು ಕೂಸು. ನಾನೊಬ್ಬಳೇ ಓದಿ, ನಾನೊಬ್ಬಳೇ ಉತ್ತರ ಕೊಟ್ಟೆ. ಅವನು ಒಳಗೆ ಬರಲೇ ಇಲ್ಲ. ಕೆಳಗೆ ಯಂತ್ರ ಹಾಕಿ ಕೀಲಿ ಕೊರೀತಾ ಕೂತ. ಯಾರೂ ಕೇಳದೆ ಇದ್ದ ಕೀಲಿ. ಅವತ್ತಿನಿಂದ ಅವನ ಒಳಗೆ ಅದು ಹಾಗೇ ನಿಂತಿದೆ. ಈ ಸಲ ಅವನು ಹೊರಗೆ ಉಳೀಬಾರದು."

"ಅಪ್ಪ ಬರಲ್ಲ ಅತ್ತೆ. ಆ ಪ್ರಾರ್ಥನೆ ಅಂದ್ರೆ ಸಾವು ಅಂತ."

"ಅದಕ್ಕೇ ನಿನ್ನ ಕೇಳ್ತಿರೋದು. ಬೀದಿಯವರಿಗೆಲ್ಲ ಟೋಪಿ ಹಾಕ್ತೀಯ, ನಿಮ್ಮಪ್ಪನಿಗೆ ಹಾಕೋಕೆ ಆಗಲ್ವಾ?"

ಒಂದು ಉಪಾಯ ಹೊಳೆಯಿತು. ನನ್ನ ಜೀವಮಾನದ ಅತಿ ದೊಡ್ಡ ಚೇಷ್ಟೆ. ಅಪ್ಪನಿಗೆ ಇದು ವಾಸಿಯಾಗಲೆಂದು ಹೇಳುವ ಪ್ರಾರ್ಥನೆ ಎಂದು ಹೇಳುತ್ತೇನೆ! ಸಂತರ ಹೆಸರು ಅವೇ, ಉತ್ತರ ಅದೇ. ಕೊನೆಯ 'ಹೊರಡು' ಭಾಗ ಒಂದನ್ನು ಬಿಟ್ಟರೆ ಯಾರಿಗೆ ಏನು ತಿಳಿಯಬೇಕು?

ಅತ್ತೆ ನನ್ನ ಕೆನ್ನೆ ಹಿಂಡಿದಳು. ಹಿಂಡಲು ಬಲವಿರಲಿಲ್ಲ, ಬೆರಳು ಇಟ್ಟಳಷ್ಟೇ.

ಸೆಪ್ಟೆಂಬರ್ 13, ಶನಿವಾರ

ತರಬೇತಿ ಶುರು. ಅಪ್ಪ ಅಂಗಡಿಯಲ್ಲಿದ್ದಾಗ ಬಾಯಿಪಾಠ. ಗುರುಗಳು ಬಲು ಕಟ್ಟುನಿಟ್ಟು.

"ಅಷ್ಟು ಬೇಗ ಬೇಡ. ಸಾಯೋರಿಗೆ ಅರ್ಜೆಂಟ್ ಇರಲ್ಲ."

"ಕಿವಿ ಎಲ್ಲಕ್ಕಿಂತ ಕೊನೆಗೆ ಹೋಗೋದು. ಆದ್ದರಿಂದ ಮಂಚದ ಹತ್ರ ನಿಂತು ಆಸ್ತಿ ಮಾತು ಆಡಬಾರದು."

"ಹೆಸರು ಕರೆದ ಮೇಲೆ ನಿಲ್ಲು. ಉತ್ತರಕ್ಕೆ ಜಾಗ ಕೊಡು. ಉತ್ತರ ಬರದಿದ್ರೂ ಜಾಗ ಕೊಡು."

ಸಂತ ಪೇತ್ರರು ಬಂದಾಗ ನಾನು, "ಸ್ವರ್ಗದ ಬೀಗದ ಕೈ ಇವರ ಹತ್ರ, ಡೂಪ್ಲಿಕೇಟ್ ನಮ್ಮ ಅಂಗಡೀಲಿ" ಅಂದೆ. ಅತ್ತೆ ಕಣ್ಣು ಮುಚ್ಚಿಕೊಂಡು, "ನಿಮ್ಮಪ್ಪ ಮಾಡಿದ್ದಾದ್ರೆ ಒಂದೇ ಸಲಕ್ಕೆ ತೆಗೆಯಲ್ಲ, ಎರಡು ಸಲ ಉಜ್ಜಬೇಕು" ಅಂದಳು.

ಸಂಜೆ ಷಟರ್ ಎಳೆದು ಅಪ್ಪ ಮೇಲೆ ಬಂದಾಗ ನಾನು ಬಲು ಗಂಭೀರವಾಗಿ, ವಾಸಿಯಾಗಲು ಇದನ್ನು ದಿನಾ ಹೇಳಬೇಕಂತೆ, ಮನೆಯ ಗಂಡಸರ ಉತ್ತರ ಇದ್ದರೆ ಬೇಗ ಫಲವಂತೆ ಎಂದೆ. ಅಪ್ಪ ನನ್ನನ್ನೂ ಅತ್ತೆಯನ್ನೂ ನೋಡಿದರು. ಕೈ ತೊಳೆದು ಬಂದರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತರು.

"ಸಂತ ಜೋಸೆಫರೇ."

ಅಪ್ಪ ಗಂಟಲು ಸರಿಮಾಡಿಕೊಂಡರು. "ಇವಳಿಗಾಗಿ ಪ್ರಾರ್ಥಿಸಿರಿ."

ಅತ್ತೆ ಗೋಡೆಯ ಕಡೆ ತಿರುಗಿದಳು. ಅವಳ ಭುಜ ಅಲುಗುತ್ತಿತ್ತು. ನಗುತ್ತಿದ್ದಾಳೆ ಎಂದುಕೊಂಡೆ. ಚೇಷ್ಟೆ ಭರ್ಜರಿ ಯಶಸ್ಸು.

ಸೆಪ್ಟೆಂಬರ್ 18, ಗುರುವಾರ

ಯಶಸ್ಸು ಜಾಸ್ತಿಯಾಯಿತು.

ಅಪ್ಪ ಈಗ ಷಟರನ್ನು ಬೇಗ ಎಳೆಯುತ್ತಾರೆ. ನಾನು ಮರೆತರೆ "ಪ್ರಾರ್ಥನೆ ಹೊತ್ತಾಯ್ತು" ಎಂದು ನೆನಪಿಸುತ್ತಾರೆ. ನಿನ್ನೆ ಹೊಸ ದಿಂಬು ತಂದರು. ಇವತ್ತು, "ವಾಸಿಯಾದ ಮೇಲೆ ಅಕ್ಕನಿಗೆ ಮೆಟ್ಟಿಲು ಹತ್ತಿ ಇಳಿಯೋ ಕಷ್ಟ ಬೇಡ, ಅಂಗಡಿ ಹಿಂದಿನ ರೂಮು ಸುಣ್ಣ ಹೊಡೆಸ್ತೀನಿ" ಅಂದರು. ಗಂಜಿಯನ್ನು ಎರಡು ಚಮಚ ಕುಡಿದದ್ದಕ್ಕೆ, "ನೋಡಿದ್ಯಾ, ಮುಖಕ್ಕೆ ಕಳೆ ಬಂದಿದೆ!" ಅಂದರು.

ಅತ್ತೆಯ ಮುಖ ಹಳದಿ. ಕಣ್ಣು ಹಳದಿ.

ಟೋಪಿ ಹಾಕಿಸಿಕೊಂಡವರು ಟೋಪಿ ಇಷ್ಟು ಚೆನ್ನಾಗಿದೆ ಎಂದು ಕನ್ನಡಿ ನೋಡಿಕೊಳ್ಳಬಾರದು. ಹೇಳಿಬಿಡೋಣವೆಂದು ಅಂಗಡಿಗೆ ಇಳಿದೆ. ಅಪ್ಪ ಕೆಲಸ ಮಾಡುತ್ತ ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದರು. ಹತ್ತಿರ ಹೋದರೆ ಸಂತರ ಹೆಸರು. ಕ್ರಮ ತಪ್ಪದ ಹಾಗೆ ಅಭ್ಯಾಸ.

"ಏನು ಬೇಕಿತ್ತು?"

"ಸ್ಕ್ರೂಡ್ರೈವರ್" ಅಂದೆ. ಕೊಟ್ಟರು. ಹಿಡಿದುಕೊಂಡು ಮೇಲೆ ಬಂದೆ. ಇನ್ನೂ ನನ್ನ ಮೇಜಿನ ಮೇಲೇ ಇದೆ.

ಸೆಪ್ಟೆಂಬರ್ 21, ಭಾನುವಾರ

ಚರ್ಚಿನಲ್ಲಿ ಅಪ್ಪ ನಿದ್ದೆ ಮಾಡಲಿಲ್ಲ.

ಸೆಪ್ಟೆಂಬರ್ 23, ಮಂಗಳವಾರ

ಅತ್ತೆ ನೀರು ನುಂಗುತ್ತಿಲ್ಲ. ಹತ್ತಿಯಲ್ಲಿ ತುಟಿ ಒದ್ದೆ ಮಾಡುತ್ತೇನೆ. ನೋವಿನ ಔಷಧಿಯಿಂದ ಹೆಚ್ಚು ಹೊತ್ತು ನಿದ್ದೆ.

ಮಧ್ಯಾಹ್ನ ಎಚ್ಚರವಾದಾಗ, "ಕೊನೆಯ ಭಾಗ ಹೇಳು, ಕೇಳೋಣ" ಅಂದಳು. ಅದೇ, 'ಹೊರಡು' ಎನ್ನುವ ಭಾಗ. ಎಲ್ಲ ಬರುತ್ತದೆ ನನಗೆ, ಅದೊಂದನ್ನು ಅವಳ ಎದುರು ಹೇಳಿರಲಿಲ್ಲ. ನಾನು ಎದ್ದು ನಿಂತು, ಊದಿಕೊಂಡ ಸ್ವರದಲ್ಲಿ ಬಿಷಪ್ಪರಂತೆ ಶುರು ಮಾಡಿದೆ. ಅವಳು ನಗಲಿ ಎಂದು. ಎರಡನೆಯ ಮಾತಿಗೇ ಸ್ವರ ಎಲ್ಲಿಗೋ ಹೋಯಿತು.

"ಬರಲ್ವಾ?"

"ಬರುತ್ತೆ. ಹೇಳಲ್ಲ."

"ಯಾಕೆ?"

"ನಾನು ಹೇಳದೆ ಇದ್ರೆ ನೀನು ಎಲ್ಲಿಗೆ ಹೋಗ್ತೀಯ ನೋಡೋಣ."

ಅತ್ತೆ, "ನಿನಗೆ ಜಡೆ ಹಾಕೋಕೆ ಕೂರಿಸಿದ್ರೆ ಹೀಗೇ ಹಟ ಮಾಡ್ತಿದ್ದೆ" ಅಂದಳು. ಆಮೇಲೆ ನಿದ್ದೆ ಹೋದಳು. ಇವತ್ತು ಅವಳು ಆಡಿದ್ದು ಅಷ್ಟೇ.

ಸೆಪ್ಟೆಂಬರ್ 25, ಗುರುವಾರ

ಅತ್ತೆಗೆ ಮಾತಿಲ್ಲ.

ಸೆಪ್ಟೆಂಬರ್ 26, ಶುಕ್ರವಾರ

ಬರೆಯಬೇಕು. ಬರೆಯದಿದ್ದರೆ ನಾಳೆ ನನಗೇ ಸುಳ್ಳೆನಿಸುತ್ತದೆ.

ಊಟದ ಹೊತ್ತಿಗೆ ಉಸಿರು ಬದಲಾಯಿತು. ಎಳೆದು, ನಿಂತು, ಮತ್ತೆ ಎಳೆಯುವುದು. ಉಗುರು ನೋಡಿದೆ. ಮೂಗಿನ ತುದಿ ನೋಡಿದೆ. ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಮೆಟ್ಟಿಲ ಮೇಲಿಂದಲೇ ಕೂಗಿದೆ. ಅಪ್ಪ ಯಂತ್ರ ನಿಲ್ಲಿಸಿ ಬಂದರು, ಕೈ ತೊಳೆಯಲಿಲ್ಲ, ಬೆರಳ ತುಂಬ ಹಿತ್ತಾಳೆಯ ಪುಡಿ. ಸ್ಟೂಲಿನ ಮೇಲೆ ಕೂತು ಅತ್ತೆಯ ಕೈ ಹಿಡಿದುಕೊಂಡರು.

ಶುರು ಮಾಡಿದೆ. ಬೇಗ ಬೇಡ ಎಂದಿದ್ದಳು, ನಿಧಾನವಾಗಿಯೇ ಹೇಳಿದೆ. ಮಾತೆ ಮರಿಯಮ್ಮನವರೇ. ಸಂತ ಮಿಕಾಯೇಲರೇ. ಸಂತ ಜೋಸೆಫರೇ. ಪ್ರತಿಯೊಂದಕ್ಕೂ ಅಪ್ಪ ಉತ್ತರ ಕೊಟ್ಟರು. ಪಟ್ಟಿ ಮುಗಿಯುತ್ತ ಬಂತು. ಮುಗಿದರೆ ಮುಂದೆ ಆ ಭಾಗ. ನಾನು ಮತ್ತೆ ಮೊದಲಿನಿಂದ ಶುರು ಮಾಡಿದೆ. ಅಪ್ಪ ಮತ್ತೆ ಉತ್ತರ ಕೊಟ್ಟರು. ಮತ್ತೆ ಮುಗಿಯಿತು. ನೆನಪಿಗೆ ಬಂದ ಸಂತರನ್ನೆಲ್ಲ ಸೇರಿಸಿದೆ. ಕಳೆದುಹೋದ ವಸ್ತು ಹುಡುಕಿಕೊಡುವ ಸಂತರು, ಗಂಟಲುನೋವಿನ ಸಂತರು, ನಾವಿಕರ ಸಂತರು, ಹಲ್ಲುನೋವಿನ ಸಂತರು. ಅವರೂ ಮುಗಿದರು. ಅತ್ತೆ ಕೂತು ಕಳಿಸಿಕೊಟ್ಟವರನ್ನು ಕರೆಯತೊಡಗಿದೆ. ಮೂಲೆ ಮನೆಯ ದರ್ಜಿ ತಾತನವರೇ. ಇವಳಿಗಾಗಿ ಪ್ರಾರ್ಥಿಸಿರಿ. ಹಾಲಿನಂಗಡಿಯ ಅಜ್ಜಿಯವರೇ. ಇವಳಿಗಾಗಿ ಪ್ರಾರ್ಥಿಸಿರಿ. ಜ್ವರ ಬಂದು ಹೋದ ಪುಟ್ಟ ಮಗುವೇ. ಇವಳಿಗಾಗಿ ಪ್ರಾರ್ಥಿಸಿರಿ.

"ಅಮ್ಮ" ಅಂದೆ.

ಅಪ್ಪ ಉತ್ತರ ಕೊಡಲಿಲ್ಲ. ನಾನು ಜಾಗ ಕೊಟ್ಟೆ, ಅತ್ತೆ ಹೇಳಿಕೊಟ್ಟ ಹಾಗೆ.

"ಇವಳಿಗಾಗಿ ಪ್ರಾರ್ಥಿಸು" ಅಂದರು ಅಪ್ಪ, ಮೆಲ್ಲಗೆ, ಪಕ್ಕದಲ್ಲಿ ಕೂತವರಿಗೆ ಹೇಳಿದ ಹಾಗೆ. ಆಮೇಲೆ ನನ್ನ ಕಡೆ ತಿರುಗಿ, "ಸಾಕು ಮಗಳೇ. ಮುಂದಿನದು ಹೇಳು" ಅಂದರು.

"ಮುಂದೆ ಇಲ್ಲಪ್ಪ. ವಾಸಿಯಾಗೋ ಪ್ರಾರ್ಥನೆ ಇಷ್ಟೇ."

"ಇದೆ. ನಿಮ್ಮಮ್ಮನಿಗೆ ಅಕ್ಕ ಓದಿದ್ದಳು. ಯಂತ್ರದ ಸದ್ದಲ್ಲೂ ನನಗೆ ಒಂದೊಂದು ಅಕ್ಷರ ಕೇಳಿಸಿತ್ತು."

"ಹಾಗಾದ್ರೆ ನಿಮಗೆ ಗೊತ್ತಿತ್ತಾ? ಯಾವಾಗಿಂದ?"

"ಮೊದಲನೇ ದಿನ. ನೀನು ಬಾಯಿ ತೆಗೆದಾಗಲೇ."

"ಮತ್ತೆ ದಿಂಬು? ಸುಣ್ಣ ಹೊಡೆಸೋದು? ಮುಖಕ್ಕೆ ಕಳೆ?"

"ನೀನು ಅಷ್ಟು ಚೆನ್ನಾಗಿ ನಾಟಕ ಮಾಡ್ತಿದ್ದೆ. ನಾನು ನಿಲ್ಲಿಸಿಬಿಟ್ರೆ ನೀನು ಅಳ್ತೀಯ ಅನ್ನಿಸ್ತು."

ಅತ್ತು ಆಗಿತ್ತು ಅಷ್ಟರಲ್ಲಿ. ನಾನು ಬಾಯಿ ತೆರೆದರೂ ಆ ಮಾತು ಹೊರಡಲಿಲ್ಲ. ಅಪ್ಪ ಕಾದರು. ಅತ್ತೆಯ ಉಸಿರು ನಿಂತು, ನಿಂತು, ಮತ್ತೆ ಎಳೆಯಿತು. ಕಾಯುತ್ತಿದ್ದದ್ದು ಅಪ್ಪ ಮಾತ್ರವಲ್ಲ ಎನ್ನಿಸಿತು.

ಆಗ ಅಪ್ಪ ಬಾಗಿ ಅತ್ತೆಯ ಕಿವಿಗೆ ಬಾಯಿಟ್ಟರು. ಚರ್ಚಿನ ಮಾತು ಅವರಿಗೆ ಬಾಯಿಗೆ ಬರಲಿಲ್ಲವೋ ಏನೋ, ಅಥವಾ ಬಂದರೂ ಬೇಡವೆನಿಸಿತೋ. "ಅಕ್ಕ, ನಾನು ಒಳಗೇ ಇದೀನಿ" ಅಂದರು. "ಇವಳ ಚಿಂತೆ ಮಾಡಬೇಡ. ನೋವು ತಿಂದದ್ದು ಸಾಕು. ನೀನು ಹೊರಡು ಅಕ್ಕ. ಹೊರಡು."

ಅದಾದ ಮೇಲೆ ನನಗೂ ಬಂತು. ಸೃಷ್ಟಿಸಿದ ತಂದೆಯ ಹೆಸರಿನಲ್ಲಿ ಹೊರಡು ಎನ್ನುವುದರಿಂದ ಕೊನೆಯ ಆಮೆನ್‌ವರೆಗೂ ಒಂದು ಮಾತು ತಪ್ಪದೆ ಹೇಳಿದೆ. ಆಮೆನ್ ಅಪ್ಪ ಅಂದರು. ಅತ್ತೆ ಅದಕ್ಕೂ ಮುಂಚೆಯೇ ಹೋಗಿರಬೇಕು, ಯಾವ ಮಾತಿನಲ್ಲಿ ಎಂದು ನಮಗಿಬ್ಬರಿಗೂ ಗೊತ್ತಾಗಲಿಲ್ಲ. ಕಿವಿ ಕೊನೆಗೆ ಹೋಗುವುದಾದ್ದರಿಂದ ಪೂರ್ತಿ ಕೇಳಿಸಿಕೊಂಡೇ ಹೋದಳೆಂದು ನಾನು ತೀರ್ಮಾನಿಸಿದ್ದೇನೆ. ಇದರ ಮೇಲೆ ಯಾರ ವಾದವನ್ನೂ ಕೇಳಲಾಗುವುದಿಲ್ಲ.

ಸೆಪ್ಟೆಂಬರ್ 28, ಭಾನುವಾರ

ಮಣ್ಣು ಮಾಡಿ ಬಂದೆವು. ಚಿಕ್ಕ ಫಾದರ್ ಬಿಳಿ ನಿಲುವಂಗಿಯಲ್ಲಿ ಎದುರು ಬಂದು ನಿಂತಾಗ ಅಪ್ಪ ಅವರ ಮುಖವನ್ನು ದಿಟ್ಟಿಸಿ, "ನಿಮ್ಮ ಬೀಗ ರೆಡಿ ಇದೆ, ತಗೊಂಡು ಹೋಗಿ" ಅಂದರು. ಫಾದರ್ ಕಿವಿಯವರೆಗೂ ಕೆಂಪಾದರು. ಇದನ್ನು ಅತ್ತೆಗೆ ಹೇಳಬೇಕು ಎಂದು ಮನೆಯ ಮೆಟ್ಟಿಲು ಹತ್ತಿ ಅರ್ಧಕ್ಕೆ ಹೋಗಿದ್ದೆ.

ಅಕ್ಟೋಬರ್ 1, ಬುಧವಾರ

ನೆಂಟರೆಲ್ಲ ಹೋದರು. ಹಾಸಿಗೆ ಸುತ್ತಿಟ್ಟೆ. ಮಂಚ ಬರಿದಾಗಿದೆ, ಹೊಸ ದಿಂಬನ್ನು ಏನು ಮಾಡಬೇಕೋ ತಿಳಿಯದೆ ನನ್ನ ಕೋಣೆಯಲ್ಲಿ ಇಟ್ಟುಕೊಂಡಿದ್ದೇನೆ.

ಸಂಜೆ ಅಪ್ಪ ಷಟರ್ ಎಳೆದರು. ಮೇಲೆ ಬಂದು, ಕೈ ತೊಳೆದು, ಅದೇ ಸ್ಟೂಲಿನ ಮೇಲೆ ಕೂತರು. ನಾನೂ ನನ್ನ ಜಾಗದಲ್ಲಿ ನಿಂತೆ. ಆಗ ಗೊತ್ತಾಯಿತು, ಅತ್ತೆ ನನಗೆ ಹೇಳಿಕೊಟ್ಟದ್ದೆಲ್ಲ ಹೋಗುವವರಿಗಾಗಿ. ಹೋದ ಮೇಲೆ ಮನೆಯಲ್ಲಿ ಉಳಿದವರು ಏನು ಹೇಳಬೇಕೆಂದು ಹೇಳಿಕೊಟ್ಟಿರಲಿಲ್ಲ. ಕೇಳುವುದಕ್ಕೆ ನನಗೂ ಹೊಳೆದಿರಲಿಲ್ಲ.

"ಹೇಳು" ಅಂದರು ಅಪ್ಪ.

"ಏನಪ್ಪಾ ಹೇಳಲಿ?"

"ಏನಾದ್ರೂ ಹೇಳು. ನಾನು ಉತ್ತರ ಕೊಡ್ತೀನಿ."

ಒಂದು ಗಳಿಗೆ ಸುಮ್ಮನಿರಲಾರದ ನನ್ನ ಬಾಯಿಗೆ ಒಂದು ಹೆಸರೂ ಬರಲಿಲ್ಲ. ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಅಪ್ಪ ಕಾದರು. ಆಮೇಲೆ ನಾನು ಹೇಳದೆ ಉಳಿಸಿದ್ದಕ್ಕೇ ಉತ್ತರ ಕೊಟ್ಟರು.

"ಇವಳಿಗಾಗಿ ಪ್ರಾರ್ಥಿಸಿರಿ."

ಮಂಚದ ಮೇಲೆ ಯಾರೂ ಇರಲಿಲ್ಲ. ಅಪ್ಪ ನನ್ನನ್ನು ನೋಡುತ್ತಿದ್ದರು.